ಬುಟ್ಟಿ ಯಾಡಿಯ ಕಣ್ಣು

ಹಣಮಮ್ಮನ ಪರಿಚಯ ನನಗಾದದ್ದು ಜಗಳದಿಂದ. ಏಳು ವರ್ಷದ ಹಿಂದಿನ ಶ್ರಾವಣ ಅದು. ಸೇಡಂನಿಂದ ಚಿಂಚೋಳಿಗೆ ಹೊರಟ ಬಸ್ಸು ಸುಲೇಪೇಟದಲ್ಲಿ ಚಹಾಕ್ಕೆ ನಿಂತಿತ್ತು. ಕಿಟಕಿ ಪಕ್ಕದ ನನ್ನ ಸೀಟಿನ ಮೇಲೆ ಟವೆಲ್ ಹಾಸಿ ಕೆಳಗಿಳಿದೆ. ಚಹಾ ಕುಡಿದು ಬರುವಷ್ಟರಲ್ಲಿ ಅಲ್ಲಿ ಬಿದಿರಿನ ಸಣ್ಣ ಬುಟ್ಟಿಗಳ ಒಂದು ಗುಡ್ಡವೇ ಕೂತಿತ್ತು. ಪಕ್ಕದಲ್ಲಿ ಒಣಕಲು ಮೈಯ ಒಬ್ಬ ಹೆಂಗಸು. ನನ್ನ ಟವೆಲನ್ನು ನಾಲ್ಕು ಮಡಿಕೆ ಮಾಡಿ ಬುಟ್ಟಿಗಳಿಗೆ ಮೆತ್ತೆ ಮಾಡಿದ್ದಳು. ಇದು ನನ್ನ ಸೀಟು ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಇವು ಹಸಿ ಬಿದಿರಿನವು, ಇವಕ್ಕೆ ಗಾಳಿ ಬೇಕು, ನಿನಗೆ ಇಲ್ಲದಿದ್ದರೂ ನಡೆಯುತ್ತದೆ ಎಂದಳು. ಕಂಡಕ್ಟರ್ ನಕ್ಕ. ಇಡೀ ಬಸ್ಸು ನಕ್ಕಿತು. ಚಿಂಚೋಳಿವರೆಗೆ ನಾನು ಸಿಟ್ಟು ನುಂಗಿಕೊಂಡು ಕಂಬಿ ಹಿಡಿದು ನಿಂತೇ ಹೋದೆ.

ನಾನು ಮಹೇಶಕುಮಾರ, ವಾಡಿಯ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡುವವನು. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಕ್ವಾರ್ಟರ್ಸಿನಲ್ಲಿ ಹೆಸರಿದೆ, ಸುಳ್ಳಲ್ಲ. ವಾಡಿಯಲ್ಲಿ ಎಂಟು ತಿಂಗಳು ಧೂಳು, ಉಳಿದ ನಾಲ್ಕು ತಿಂಗಳು ಅದೇ ಧೂಳಿನ ಕೆಸರು. ಅದಕ್ಕೇ ಮಳೆ ಹಿಡಿಯಿತೆಂದರೆ ರಜೆ ಹಾಕಿ, ಕ್ಯಾಮೆರಾ ಹೆಗಲಿಗೇರಿಸಿ ಚಿಂಚೋಳಿಯ ಗುಡ್ಡಗಳಿಗೆ ಓಡುತ್ತೇನೆ. ನಮ್ಮ ಕಡೆ ಕಾಡಿದೆ, ಜಲಪಾತವಿದೆ ಎಂದರೆ ಕಲಬುರಗಿ ಪೇಟೆಯವರೇ ನಂಬುವುದಿಲ್ಲ. ನನ್ನ ಹೆಂಡತಿ ಭುವನೇಶ್ವರಿ ಮಾತ್ರ ನಂಬುತ್ತಾಳೆ. ಆದರೆ ನಮ್ಮ ನಳದಲ್ಲಿ ಎರಡು ದಿನಕ್ಕೊಮ್ಮೆ ನೀರು ಬರುತ್ತದಲ್ಲ, ಅದು ಎತ್ತಿಪೋತದ ಜಲಪಾತಕ್ಕಿಂತ ಅಪರೂಪ, ಅದರದೊಂದು ಫೋಟೋ ತೆಗೆ ಎನ್ನುತ್ತಾಳೆ.

ಆ ದಿನ ಚಿಂಚೋಳಿಯಲ್ಲಿ ಇಳಿದು ಕುಂಚಾವರಂ ಬಸ್ಸು ಹತ್ತಿದರೆ ಅಲ್ಲೂ ಅದೇ ಹೆಂಗಸು. ಕಾಡಿನ ನಡುವೆ ನಾನು ಇಳಿಯುವ ತಿರುವಿನಲ್ಲೇ ಆಕೆಯೂ ಇಳಿದಳು. ಸಣ್ಣಗೆ ಮಳೆ. ಕೈ ಖಾಲಿ ಇದೆಯಲ್ಲ ಎಂದು ಅರ್ಧ ಬುಟ್ಟಿ ನನ್ನ ಕೊರಳಿಗೆ ತೂಗುಹಾಕಿ ಮುಂದೆ ನಡೆದೇಬಿಟ್ಟಳು. ಜಲಪಾತ ಬಲಕ್ಕೆ, ಆಕೆ ಹೋಗುವ ಲಂಬಾಣಿಗರ ಹುಣಸಿ ತಾಂಡಾ ಎಡಕ್ಕೆ. ನಾನು ಎಡಕ್ಕೆ ಹೋದೆ. ಯಾಕೆ ಹೋದೆನೆಂದು ಇವತ್ತಿಗೂ ಗೊತ್ತಿಲ್ಲ. ಅಲ್ಲಿಂದ ಮುಂದೆ ಪ್ರತಿ ಶ್ರಾವಣ ಆಕೆಯ ಹಮಾಲಿ ನಾನೇ ಆದೆ.

ಹಣಮಮ್ಮ ಸುಲೇಪೇಟದ ಮೇದಾರರವಳು. ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಮನೆ, ಮನೆಯ ಮುಂದೆ ತಗಡಿನ ನೆರಳು, ನೆರಳಿನಲ್ಲಿ ಬಿದಿರು. ಗಂಡ ಹಣಮಪ್ಪ ಇದ್ದಾಗ ಅವನು ಸೀಳುತ್ತಿದ್ದ, ಈಕೆ ಹೆಣೆಯುತ್ತಿದ್ದಳು. ಅವನು ತೀರಿಕೊಂಡ ಮೇಲೆ ಎರಡೂ ಈಕೆಯದೇ. ಮಗಳನ್ನು ಶಹಾಬಾದಕ್ಕೆ ಕೊಟ್ಟಿದೆ. ಮಗಳು ಕರೆದರೆ ಹೋಗುತ್ತಾಳೆ, ಮೂರನೆಯ ದಿನ ಜಗಳ ತೆಗೆದು ವಾಪಸ್ಸು ಬರುತ್ತಾಳೆ. ಅಲ್ಲಿ ಎಲ್ಲ ಕಡೆ ಕಲ್ಲು ಹಾಸಿದ್ದಾರೆ, ಬಿದಿರು ಊರಿಕೊಂಡು ಕೂರಲು ಮಣ್ಣಿನ ನೆಲವೇ ಇಲ್ಲ ಎನ್ನುವುದು ಆಕೆಯ ದೂರು. ಮೊರ, ಜರಡಿ, ರೊಟ್ಟಿ ಬುಟ್ಟಿ ವರ್ಷವಿಡೀ ಹೆಣೆದರೂ ಆಕೆಯ ಜೀವ ಇರುವುದು ತೀಜ್ ಬುಟ್ಟಿಯಲ್ಲಿ.

ತೀಜ್ ಲಂಬಾಣಿಗರ ಹಬ್ಬ. ಶ್ರಾವಣದಲ್ಲಿ, ರಾಖಿ ಹುಣ್ಣಿಮೆಯಿಂದ ಗೋಕುಲಾಷ್ಟಮಿಯ ಹೊತ್ತಿನವರೆಗೆ ಒಂಬತ್ತು ದಿನ. ತಾಂಡಾದ ಮದುವೆಯಾಗದ ಹುಡುಗಿಯರೆಲ್ಲ ತಲೆಗೊಂದು ಬುಟ್ಟಿಯಲ್ಲಿ ಮುತ್ತಲದ ಎಲೆ ಹಾಸಿ, ಹುತ್ತದ ಮಣ್ಣು ತುಂಬಿ, ನೆನೆಸಿದ ಗೋಧಿ ಬಿತ್ತುತ್ತಾರೆ. ಬುಟ್ಟಿಗಳೆಲ್ಲ ನಾಯಕನ ಮನೆಯ ಚಪ್ಪರದ ಕೆಳಗೆ ಒಂದೇ ಮಂಚದ ಮೇಲೆ ಕೂರುತ್ತವೆ. ದಿನಕ್ಕೆ ಮೂರು ಸಲ ಎಲ್ಲರೂ ಕೂಡಿ ಕೊಡ ಹೊತ್ತು, ಕೂಡಿ ಹಾಡಿ, ಕೂಡಿಯೇ ನೀರು ಹಾಕಬೇಕು. ಒಬ್ಬಳೇ ಹೋಗಿ ತನ್ನ ಬುಟ್ಟಿ ಮುಟ್ಟುವಂತಿಲ್ಲ. ಅದು ಉಳಿದವರ ಪಾಲಿನ ಒಳ್ಳೆಯದನ್ನು ಕದ್ದಂತೆ. ಒಂಬತ್ತನೆಯ ದಿನ ಗೇಣುದ್ದ ಬೆಳೆದ ಪೈರು ಕಿತ್ತು ಅಣ್ಣತಮ್ಮಂದಿರ ತಲೆಯ ಪಟಗಾದಲ್ಲಿ ಸಿಕ್ಕಿಸಿ, ಉಳಿದದ್ದನ್ನು ಹಳ್ಳಕ್ಕೆ ಬಿಡುತ್ತಾರೆ. ಯಾರ ಬುಟ್ಟಿ ಚೆನ್ನಾಗಿ ಬಂತೋ ಅವಳ ಕೈಗುಣ ಚೆನ್ನ. ಯಾರದ್ದು ಕೆಟ್ಟಿತೋ, ಅವಳ ವಿಷಯ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಎಲ್ಲರೂ ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ.

ಆ ಬುಟ್ಟಿಯ ತಳದಲ್ಲಿದೆ ಕಸಬು. ಸಂದು ದೊಡ್ಡದಾದರೆ ಮಣ್ಣು ಸೋರುತ್ತದೆ, ಬಿಗಿಯಾದರೆ ನೀರು ನಿಲ್ಲುತ್ತದೆ. ಹಣಮಮ್ಮ ಪ್ರತಿ ಬುಟ್ಟಿ ಮುಗಿದ ಮೇಲೆ ಒಂದು ಗೋಧಿ ಕಾಳು ತೆಗೆದು ತಳದ ಸಂದಿಗೆ ಹಿಡಿದು ನೋಡುತ್ತಾಳೆ. ಕಾಳಿನ ಮೂತಿ ಒಳಗೆ ಹೋಗಬೇಕು, ಹೊಟ್ಟೆ ಸಿಕ್ಕಿಕೊಳ್ಳಬೇಕು. ಹಾಗಿಲ್ಲದಿದ್ದರೆ ಬಿಚ್ಚಿ ಮತ್ತೆ ಹೆಣೆಯುತ್ತಾಳೆ. ನಲವತ್ತು ವರ್ಷದಲ್ಲಿ ನನ್ನ ಒಂದು ಬುಟ್ಟಿಯೂ ಕೊಳೆತಿಲ್ಲ ಎನ್ನುವುದನ್ನು ಆಕೆ ನನಗೆ ಕನಿಷ್ಠ ನಲವತ್ತು ಸಲ ಹೇಳಿದ್ದಾಳೆ. ತಾಂಡಾದ ಹುಡುಗಿಯರು ಆಕೆಯನ್ನು ಬುಟ್ಟಿ ಯಾಡಿ ಎಂದು ಕರೆಯುತ್ತಾರೆ. ಯಾಡಿ ಎಂದರೆ ಅವರ ಮಾತಿನಲ್ಲಿ ತಾಯಿ.

ಆಕೆಯ ಜೊತೆ ಗುಡ್ಡ ಹತ್ತಿದ ಮೇಲೆ ನನಗೆ ತಿಳಿದದ್ದು, ಅಷ್ಟು ವರ್ಷ ನಾನು ಕಾಡು ನೋಡಿರಲೇ ಇಲ್ಲ, ಬರೀ ನೀರು ಬೀಳುವುದನ್ನು ನೋಡಿದ್ದೆ ಎಂಬುದು. ಆಕೆ ಹತ್ತು ಹೆಜ್ಜೆಗೊಮ್ಮೆ ಬಗ್ಗುತ್ತಾಳೆ. ಎಳೆಯ ತಗಚಿ ಸೊಪ್ಪು ಸೆರಗಿಗೆ. ಬೇಲಿಗೆ ಹಬ್ಬಿದ ಮುಳ್ಳುಮುಳ್ಳಿನ ಸಣ್ಣ ಕಾಡುಹಾಗಲ ಸೆರಗಿಗೆ. ಅದಕ್ಕೆ ಆ ಗಡಿಯವರು ತೆಲುಗಿನಲ್ಲೇ ಬೋಡಕಾಕರ ಎನ್ನುತ್ತಾರೆ. ನಾನು ಮಂಜು ಮುಸುಕಿದ ಕಣಿವೆಗೆ ಕ್ಯಾಮೆರಾ ಹಿಡಿದಿದ್ದರೆ, ಆಕೆ ನನ್ನ ಕಾಲ ಕೆಳಗಿನ ಸೊಪ್ಪು ತುಳಿಯಬೇಡ ಎಂದು ಬೈಯುತ್ತಾಳೆ. ಬಂಡೆಯ ಬುಡದ ಅಣಬೆಯಲ್ಲಿ ತಿನ್ನುವುದು ಯಾವುದು, ಕೊಲ್ಲುವುದು ಯಾವುದು ಎಂದು ಇಪ್ಪತ್ತು ಹೆಜ್ಜೆ ದೂರದಿಂದಲೇ ಹೇಳುತ್ತಾಳೆ. ಆ ಕಣ್ಣಿನ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು, ನನ್ನ ಲೆನ್ಸಿಗೆ ಸಿಗದ್ದು ಆಕೆಗೆ ಸಿಗುತ್ತಿತ್ತು.

ತಾಂಡಾದಲ್ಲಿ ನಮ್ಮ ಊಟ ನಾಯಕ ಖೇಮುವಿನ ಮನೆಯಲ್ಲಿ. ಅವನ ಹೆಂಡತಿ ಶಾಣಿಬಾಯಿ ಬಾಯಿ ಬಿಟ್ಟರೆ ಗುಡುಗು. ಮೊದಲ ವರ್ಷವೇ ನಾನು ಲಿಂಗವಂತರವನೆಂದು ತಿಳಿದು, ಏನಪ್ಪಾ, ನಮ್ಮ ಮನೆಯ ಗಾಳಿ ಕುಡಿದರೆ ನಿನ್ನ ಲಿಂಗ ಮೈಲಿಗೆಯಾಗುತ್ತದೋ ಎಂದು ಕೇಳಿದ್ದಳು. ಕೇಳಿದ ಬಾಯಿಂದಲೇ ಹೊಸ ಮಡಕೆಯೊಂದನ್ನು ತರಿಸಿ, ಅದರಲ್ಲಿ ಬರೀ ಪಲ್ಯ ಬೇಳೆ ಬೇಯಿಸಿ, ಇದು ನಿನ್ನದು, ಇದರಲ್ಲಿ ನಾವು ಮಾಂಸ ಹಾಕುವುದಿಲ್ಲ ಎಂದಳು. ಆ ಮಡಕೆ ಏಳು ವರ್ಷದಿಂದ ನನ್ನ ಹೆಸರಲ್ಲಿದೆ. ಎಳೆ ಹುಣಸಿ ಚಿಗುರು ಹಾಕಿದ ತೊಗರಿಬೇಳೆ, ಬೋಡಕಾಕರದ ಹುರಿದ ಪಲ್ಯ, ಕೈಯಲ್ಲೇ ತಟ್ಟಿದ ದಪ್ಪ ಜೋಳದ ರೊಟ್ಟಿ, ಅದಕ್ಕೆ ಅವರು ಬಾಟಿ ಎನ್ನುತ್ತಾರೆ, ಮೇಲೆ ಗೋಧಿ ನುಚ್ಚು ಬೆಲ್ಲದ ಲಾಪ್ಸಿ. ಮಳೆ ಚಪ್ಪರದ ಮೇಲೆ ಹೊಯ್ಯುತ್ತಿರುವಾಗ ಅದನ್ನು ಉಂಡವನಿಗೆ ವಾಡಿಗೆ ಹೋಗಲು ಮನಸ್ಸಾಗುವುದಿಲ್ಲ. ಭುವನೇಶ್ವರಿಗೆ ಇದನ್ನು ಹೇಳಿ ಒಂದು ವಾರ ತಣ್ಣನೆಯ ಊಟ ಉಂಡಿದ್ದೇನೆ.

ಇನ್ನು ಕಳೆದ ವರ್ಷದ ಮಾತು. ಆ ವರ್ಷ ಹದಿನೇಳು ಬುಟ್ಟಿ. ಅದರಲ್ಲಿ ಒಂದು ಸೇವಂತಿಯದು. ಇಪ್ಪತ್ತೊಂದು ವರ್ಷದ ಹುಡುಗಿ, ಹುಟ್ಟಿದ ವರ್ಷವೇ ತಾಯಿ ಹೋಗಿದ್ದಳು. ಎರಡು ಸಲ ಸಂಬಂಧ ಕೂಡಿ ಬಂದು ಎರಡು ಸಲವೂ ಮುರಿದಿತ್ತು. ಮೊದಲನೆಯದು ಗಂಡಿನ ಕಡೆ ಸಾವಾಗಿ, ಎರಡನೆಯದು ಆ ಮೊದಲನೆಯದನ್ನು ಕೇಳಿ. ಈಗ ಸೇಡಂ ಕಡೆಯ ಒಂದು ತಾಂಡಾದಿಂದ ಮೂರನೆಯ ಸಂಬಂಧ ಬಂದಿತ್ತು. ಹುಡುಗನೂ ಹುಡುಗಿಯೂ ಫೋನಿನಲ್ಲಿ ಮಾತಾಡಿ ಒಪ್ಪಿದ್ದರು. ಹಿರಿಯರು ಒಂಬತ್ತನೆಯ ದಿನ ಹಬ್ಬಕ್ಕೆ ಬಂದು, ಹುಡುಗಿಯನ್ನೂ ಅವಳ ಬುಟ್ಟಿಯನ್ನೂ ನೋಡಿ ವೀಳ್ಯ ಕೊಡುವುದೆಂದು ಮಾತಾಗಿತ್ತು. ಇದು ಇಡೀ ತಾಂಡಾಕ್ಕೆ ಗೊತ್ತಿತ್ತು, ಬಂದ ದಿನವೇ ನನಗೂ ಗೊತ್ತಾಯಿತು.

ಬಿತ್ತುವ ಸಂಜೆ ಸೇವಂತಿಯನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ಬಾರಿ ಗಿಡದ ಮುಳ್ಳುಕೊಂಬೆಯೊಂದನ್ನು ತಂದು, ಅದರ ಮುಳ್ಳಿಗೆ ಹುಡುಗಿಯರು ನೆನೆದ ಕಡಲೆ ಚುಚ್ಚುವ ಆಟವಿದೆ. ಹುಡುಗರು ಕೊಂಬೆ ಅಲುಗಿಸಿ ಕಾಡುತ್ತಾರೆ. ಬೆರಳಿಗೆ ಚುಚ್ಚಿದರೂ ಬಾಯಿ ಬಿಡಬಾರದು. ಉಳಿದವರು ಕಿರುಚಿ ನಕ್ಕು ಕೈ ಹಿಂದೆ ತೆಗೆದರೆ, ಸೇವಂತಿ ಮಾತ್ರ ತುಟಿ ಕಚ್ಚಿಕೊಂಡು ಒಂದೊಂದೇ ಕಡಲೆ ಚುಚ್ಚಿದಳು. ಮೂರು ಬೆರಳಲ್ಲಿ ರಕ್ತ ಬಂದಿತ್ತು. ಆಟವೆಂದು ಅವಳು ತಿಳಿದಿರಲೇ ಇಲ್ಲ.

ಆ ಸಂಜೆಯೇ ಮಳೆ ಜೋರಾಗಿ ಹಳ್ಳ ತುಂಬಿತು. ಮೂರು ದಿನ ನಾವು ಮೇಲೆಯೇ ಉಳಿದೆವು. ಮೂರನೆಯ ದಿನ ಬೆಳಗು ಹರಿಯುವಾಗ ಎದ್ದು ಹೊರಗೆ ಬಂದರೆ, ಚಪ್ಪರದ ಕೆಳಗೆ ಸೇವಂತಿ ಒಬ್ಬಳೇ ನಿಂತಿದ್ದಳು. ಕೈಯಲ್ಲಿ ಹಿತ್ತಾಳೆ ತಂಬಿಗೆ. ತನ್ನ ಬುಟ್ಟಿಗೆ ನೀರು ಹಾಕುತ್ತಿದ್ದಳು, ಬಾಯಲ್ಲಿ ಏನೋ ಬೇಡಿಕೊಳ್ಳುತ್ತಿದ್ದಳು. ಹಿಂದೆ ಮಂಜಿನಲ್ಲಿ ಗುಡ್ಡ. ಒಬ್ಬಳೇ ನೀರು ಹಾಕಬಾರದೆಂಬ ನಿಯಮ ನನಗೆ ಗೊತ್ತಿತ್ತು. ಆದರೆ ಬೆಳಕು ಚೆನ್ನಾಗಿತ್ತು, ನನಗೆ ಆಗ ಅದೇ ದೊಡ್ಡದಾಗಿ ಕಂಡಿತು. ಸದ್ದಿಲ್ಲದೆ ಫೋಟೋ ತೆಗೆದೆ. ಯಾರಿಗೂ ಹೇಳಲಿಲ್ಲ. ಆ ಮಧ್ಯಾಹ್ನ ಹಳ್ಳ ಇಳಿಯಿತು, ನಾವಿಬ್ಬರೂ ಊರಿಗೆ ಬಂದೆವು.

ಒಂಬತ್ತನೆಯ ದಿನ ಮತ್ತೆ ಹೊರಟೆವು. ಪೈರಿನ ಒಂದು ಹಿಡಿ, ಒಂದು ಮೊರ ಜೋಳ ಹಣಮಮ್ಮನಿಗೆ ಸಲ್ಲುವುದು ಆ ದಿನವೇ. ಬಸ್ಸಿನಲ್ಲಿ ನಾನು ಹೆಮ್ಮೆಯಿಂದ ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಆ ಫೋಟೋ ತೋರಿಸಿದೆ. ಆಕೆ ಹುಡುಗಿಯ ಮುಖ ನೋಡಲಿಲ್ಲ, ಬುಟ್ಟಿ ನೋಡಿದಳು. ಬೆಂಕಿಕಡ್ಡಿಯ ತುದಿಯಷ್ಟಿದ್ದ ಜಾಗಕ್ಕೆ ಉಗುರು ಇಟ್ಟು, ಪಕ್ಕದ ಬುಟ್ಟಿಗಳ ಕೆಳಗೆ ಮಂಚ ಒದ್ದೆಯಾಗಿದೆ, ಹನಿ ಬೀಳುತ್ತಿದೆ, ಇದರ ಕೆಳಗೆ ಇಲ್ಲ ಎಂದಳು. ಹೆಚ್ಚು ನೀರು ಕುಡಿದು ಹುತ್ತದ ಮಣ್ಣು ಕೆಸರಾಗಿ ತಳ ಕಟ್ಟಿದೆ, ಗೋಧಿ ಉಸಿರುಗಟ್ಟಿ ಕೊಳೆತಿರುತ್ತದೆ. ಇಷ್ಟು ಹೇಳಿ ಕಿಟಕಿ ಕಡೆ ತಿರುಗಿ ಕೂತಳು. ಚಿಂಚೋಳಿ ದಾಟಿದ ಮೇಲೆ ಒಂದೇ ಮಾತು ಆಡಿದಳು.

“ಆ ಫೋಟೋ ತಗದ್ಬಿಡು ತಮ್ಮಾ. ಯಾರರ ನೋಡಿದ್ರ ಕದ್ದು ನೀರು ಹಾಕ್ಯಾಳಂತಾರ. ಕೆಟ್ಟ ಕೈಯಂತ ಅನ್ನಿಸಿಕೊಂಡ್ರ ಬದುಕಬಹುದು, ಕಳ್ಳಿ ಅಂತ ಅನ್ನಿಸಿಕೊಂಡ್ರ ಆಕಿ ಆ ತಾಂಡಾದಾಗ ತಲಿ ಎತ್ತಂಗಿಲ್ಲ.”

ಅಷ್ಟು ವರ್ಷದಲ್ಲಿ ನಾನು ತೆಗೆದ ಒಂದೇ ಒಳ್ಳೆಯ ಫೋಟೋ ಅದು. ಆಮೇಲೆ ನೋಡೋಣ ಎಂದೆ. ಆಕೆ ಮತ್ತೆ ಕೇಳಲಿಲ್ಲ, ಅದು ಇನ್ನೂ ಚುಚ್ಚಿತು.

ನಾವು ಮುಟ್ಟುವಾಗ ಚಪ್ಪರದ ಮುಂದೆ ತಾಂಡಾವೆಲ್ಲ ಸೇರಿತ್ತು. ಸೇಡಂ ಕಡೆಯ ಹಿರಿಯರು, ಗಂಡಿನ ಅಜ್ಜನೂ ಸೇರಿ ನಾಲ್ಕು ಜನ, ಜಮಖಾನದ ಮೇಲೆ ಕೂತಿದ್ದರು. ಬುಟ್ಟಿಗಳ ಮೇಲಿನ ಬಟ್ಟೆ ತೆಗೆದರು. ಹದಿನಾರು ಬುಟ್ಟಿಗಳಲ್ಲಿ ಪೈರು ಒತ್ತಾಗಿ, ಹಳದಿ ಹಸಿರಾಗಿ ನಿಂತಿತ್ತು. ಹದಿನೇಳನೆಯದರಲ್ಲಿ ಕರಿ ರಾಡಿ, ನಾಲ್ಕೈದು ಬಾಗಿದ ಎಳೆ. ವಾಸನೆ ಮುಂದಿನ ಸಾಲಿನವರೆಗೆ ಬಂತು. ಹಾಡುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಸೇವಂತಿ ತಲೆ ತಗ್ಗಿಸಿ ನಿಂತಿದ್ದಳು, ಅಳಲೂ ಇಲ್ಲ. ಶಾಣಿಬಾಯಿಯ ಬಾಯಿ ಮಾತ್ರ ತಡೆಯಲಿಲ್ಲ. ಈ ವರ್ಷ ಇವಳಿಗೆ ಬುಟ್ಟಿ ಬೇಡವೆಂದು ನಾನು ಹೇಳಿದ್ದೆ, ಇವಳ ಕೈಯಲ್ಲಿ ಏನು ಇಟ್ಟರೂ ಉಳಿಯುವುದಿಲ್ಲ, ತಾಯಿ ಉಳಿಯಲಿಲ್ಲ, ಗಂಡು ಉಳಿಯಲಿಲ್ಲ ಎಂದು ಎಲ್ಲರೆದುರು ಅಂದುಬಿಟ್ಟಳು. ಜಮಖಾನದ ಮೇಲಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜ ಪಕ್ಕದಲ್ಲಿಟ್ಟ ಕೋಲಿಗೆ ಕೈ ಹಾಕಿದ, ಏಳಲು.

ಹಣಮಮ್ಮ ಆಗ ಮುಂದೆ ನಡೆದಳು. ಆಕೆ ನಡೆದ ರೀತಿ ನೋಡಿ ನನಗೆ ಗಾಬರಿಯಾಯಿತು. ಕೈ ಮುಂದೆ ಚಾಚಿ, ಮಂಚದ ಅಂಚು ತಡವುತ್ತ, ಹುಡುಕಿದಂತೆ ಮಾಡಿ ಆ ಬುಟ್ಟಿ ಹಿಡಿದಳು.

“ಖೇಮು ನಾಯಕ್ರೇ, ಹುಡುಗಿಗಿ ಏನೂ ಅನಬ್ಯಾಡ್ರಿ. ತಪ್ಪು ನಂದದ. ನನ್ನ ಕಣ್ಣ ಹೋಗ್ಯಾವ. ವರ್ಸ ಆಯ್ತು, ಹೊಟ್ಟಿಪಾಡು ಹೋಗ್ತದಂತ ಯಾರಿಗೂ ಹೇಳಿಲ್ಲ. ತಳದಾಗ ಸಂದು ಬಿಟ್ಟೀನೋ ಇಲ್ಲೋ ನನಗ ಕಾಣಂಗಿಲ್ಲ. ಈ ಬುಟ್ಟಿ ತಳ ಮುಚ್ಚಿ ಹೆಣದೀನಿ. ಇದರಾಗ ಯಾರು ಬಿತ್ತಿದ್ರೂ ಕೊಳೀತಿತ್ತು.”

ಹೇಳಿ, ಸೊಂಟದ ಚೀಲದಿಂದ ಬಿದಿರು ಸೀಳುವ ಕತ್ತಿ ತೆಗೆದು ಬುಟ್ಟಿಯ ತಳ ಕೊಯ್ದು ಎತ್ತಿ ತೋರಿಸಿದಳು. ರಾಡಿ ಮೆತ್ತಿದ ಬಿದಿರಿನಲ್ಲಿ ಸಂದು ಇದೆಯೋ ಇಲ್ಲವೋ ದೇವರಿಗೇ ಗೊತ್ತು. ನೋಡಿದವರು ಹೌದು, ಮುಚ್ಚಿದೆ ಎಂದರು. ಆಮೇಲೆ ಆಕೆ ಗಂಡಿನ ಅಜ್ಜನ ಕಡೆ, ಸ್ವಲ್ಪ ತಪ್ಪಿ ಅವನ ಪಕ್ಕದ ಕಂಬದ ಕಡೆ, ಮುಖ ಮಾಡಿ ಕೈಮುಗಿದಳು. ಅಜ್ಜ ಎದ್ದವನು ಮತ್ತೆ ಕೂತ. ಮುದುಕಿ ಕಣ್ಣು ಕಾಣದೆ ಹೆಣೆದದ್ದಕ್ಕೆ ಹುಡುಗಿ ಏನು ಮಾಡಿಯಾಳು ಎಂದ. ಅಷ್ಟೇ ಬೇಕಾಗಿತ್ತು. ಉಳಿದ ಹದಿನಾರು ಹುಡುಗಿಯರೂ ತಮ್ಮ ತಮ್ಮ ಬುಟ್ಟಿಯಿಂದ ಒಂದೊಂದು ಚಿವುಟು ಪೈರು ಕಿತ್ತು ಸೇವಂತಿಯ ಮಡಿಲಿಗೆ ಹಾಕಿದರು. ಅವಳು ಆಗ ಅತ್ತಳು. ವೀಳ್ಯ ಆ ಸಂಜೆಯೇ ಆಯಿತು.

ಹಣಮಮ್ಮ ತನ್ನ ಜೋಳ ತೆಗೆದುಕೊಳ್ಳಲಿಲ್ಲ. ಕೆಟ್ಟ ಬುಟ್ಟಿ ಕೊಟ್ಟವಳಿಗೆ ಹಕ್ಕಿಲ್ಲ ಎಂದಳು. ಗುಡ್ಡ ಇಳಿಯುವಾಗ ತಾಂಡಾದ ಕಣ್ಣಿಗೆ ಮರೆಯಾಗುವವರೆಗೂ ನನ್ನ ತೋಳು ಹಿಡಿದೇ ನಡೆದಳು, ಮರೆಯಾದದ್ದೇ ಬಿಟ್ಟಳು. ನನಗೆ ತಡೆಯಲಾಗಲಿಲ್ಲ. ನಲವತ್ತು ವರ್ಷದ ಹೆಸರಿಗೆ ನೀನೇ ಮಸಿ ಬಳಿದುಕೊಂಡೆ, ಬೇರೆ ಏನಾದರೂ ಹೇಳಬಹುದಿತ್ತಲ್ಲ ಎಂದು ರೇಗಿದೆ. ಆಕೆ ಒಂದು ಬಂಡೆಯ ಮೇಲೆ ಕೂತು, ಬೇರೆ ಏನು ಹೇಳಲಿ, ನೀನೇ ಹೇಳು ಎಂದಳು. ಆಮೇಲೆ ಆಕೆ ಅತ್ತಳು. ಅದು ಸೇವಂತಿಗಾಗಿ ಅಲ್ಲ, ಆ ಬುಟ್ಟಿಗಾಗಿ. ಅದು ನನ್ನ ಒಳ್ಳೆಯ ಬುಟ್ಟಿಗಳಲ್ಲಿ ಒಂದು, ಕತ್ತಿ ಹಾಕಲು ಮನಸ್ಸೇ ಬರಲಿಲ್ಲ ಎಂದಳು. ನಾನು ಪಕ್ಕದಲ್ಲಿ ಕೂತು ಕ್ಯಾಮೆರಾ ತೆಗೆದು ಆ ಫೋಟೋ ಅಳಿಸಿದೆ. ನನ್ನ ಬಗ್ಗೆ ನನಗೇ ನಾಚಿಕೆಯಾಗಿತ್ತು. ಆ ಬೆಳಗ್ಗೆ ಒಂದು ಮಾತು ಆಡಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ.

ಸುದ್ದಿ ನಮ್ಮ ಬಸ್ಸಿಗಿಂತ ಮೊದಲೇ ಸುಲೇಪೇಟ ಮುಟ್ಟಿತ್ತು. ಬುಟ್ಟಿ ಹಣಮಮ್ಮನ ಕಣ್ಣು ಹೋಗಿವೆಯಂತೆ. ವಿಮಲಾಬಾಯಿ ಎಂಬ ಗೌಡರ ಮನೆಯ ಹೆಂಗಸು, ಇಪ್ಪತ್ತು ವರ್ಷ ಈಕೆಯ ಮೊರದಲ್ಲೇ ಜೋಳ ಹಸನು ಮಾಡಿದವಳು, ಹೊಸ ಮೊರ ತೆಗೆದುಕೊಳ್ಳುವಾಗ ಬಿಸಿಲಿಗೆ ಹಿಡಿದು ತೂತು ಹುಡುಕಿದಳಂತೆ. ಹಣಮಮ್ಮ ಅದನ್ನು ಫೋನಿನಲ್ಲಿ ನನಗೆ ಹೇಳಿದಳು, ದನಿ ಸಣ್ಣದಾಗಿತ್ತು. ಬೇರೆ ಎರಡು ತಾಂಡಾದವರು ಮುಂದಿನ ವರ್ಷಕ್ಕೆ ಬೇರೆಯವರನ್ನು ಕೇಳಿದ್ದರು. ಮಗಳು ಶಹಾಬಾದದಿಂದ ಅಳುತ್ತ ಬಂದಳು, ಬಾ, ನಮ್ಮ ಮನೆಯಲ್ಲಿರು ಎಂದು ಹಟ ಹಿಡಿದಳು. ಮಗಳಿಗೂ ನಿಜ ಹೇಳುವಂತಿರಲಿಲ್ಲ. ಆ ಹುಡುಗಿಗೆ ಮದುವೆ ಆಗುವ ತನಕ ಬಾಯಿಗೆ ಬೀಗ ಎಂದು ಹಣಮಮ್ಮ ನನ್ನಿಂದ ಆಣೆ ಹಾಕಿಸಿಕೊಂಡಿದ್ದ ಕಾರಣ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಭುವನೇಶ್ವರಿಗೆ ಮಾತ್ರ ಹೇಳಿದೆ. ಅವಳು ಎಂದೂ ಇಲ್ಲದ್ದು, ಒಂದು ಮಾತೂ ಚುಚ್ಚದೆ ಕೇಳಿಸಿಕೊಂಡಳು.

ದಸರಾ ಮುಗಿದ ವಾರ ಹಣಮಮ್ಮನ ಫೋನು ಬಂತು. ಮಾತಿನಲ್ಲಿ ಗಾಬರಿ. ಶಾಣಿಬಾಯಿ ಇಬ್ಬರು ಹೆಂಗಸರನ್ನು ಕರೆದುಕೊಂಡು ಮನೆಗೆ ಬಂದು ಕೂತಿದ್ದಾಳೆ. ಚಿಂಚೋಳಿಯಲ್ಲಿ ಕಣ್ಣಿನ ಶಿಬಿರವಿದೆ, ಆಪರೇಷನ್ ಮಾಡಿಸಿಯೇ ಬಿಡುವುದೆಂದು ತಾಂಡಾವೆಲ್ಲ ಮಾತಾಡಿಕೊಂಡಿದೆ, ಹೆಸರೂ ಬರೆಸಿ ಆಗಿದೆ. ನೀನು ಬಂದು ಏನಾದರೂ ಮಾಡು ಎಂದಳು. ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ, ಆದರೂ ಓಡಿದೆ.

ನಾನು ಚಿಂಚೋಳಿ ಮುಟ್ಟುವಾಗ ಶಿಬಿರ ಹಾಕಿದ್ದ ಶಾಲೆಯ ಕೋಣೆಯೊಳಗೆ ಆಕೆಯ ಪರೀಕ್ಷೆ ನಡೆದಿತ್ತು. ಇಬ್ಬರು ಹೆಂಗಸರು ಹೊರಗೆ ಕೂತಿದ್ದರು, ಶಾಣಿಬಾಯಿ ಒಳಗೆ ಹಣಮಮ್ಮನ ಕೈ ಹಿಡಿದು ನಿಂತಿದ್ದಳು. ಓದಲು ಬಾರದವರಿಗೆ ಮೂರು ಗೆರೆಯ ಬಾಚಣಿಗೆಯಂಥ ಚಿತ್ರ ತೋರಿಸಿ, ಅದರ ಹಲ್ಲು ಯಾವ ಕಡೆ ಇದೆ ಎಂದು ಕೇಳುತ್ತಾರೆ. ಹಣಮಮ್ಮ ಎಡಕ್ಕಿದ್ದರೆ ಬಲಕ್ಕೆ, ಮೇಲಕ್ಕಿದ್ದರೆ ಕೆಳಕ್ಕೆ ಬೆರಳು ತೋರಿಸುತ್ತಿದ್ದಳು. ಒಂದೂ ತಪ್ಪದೆ ಎಲ್ಲವನ್ನೂ ತಿರುಗಿಸಿ ಹೇಳಿದಳು. ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಹಾಳೆ ಕೆಳಗಿಟ್ಟು, ದೀಪ ಹಿಡಿದು ಎರಡೂ ಕಣ್ಣು ಬಹಳ ಹೊತ್ತು ನೋಡಿದಳು. ನೋಡಿ, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಅಮ್ಮಾ, ಈ ವಯಸ್ಸಿಗೆ ಇಷ್ಟು ಸ್ವಚ್ಛವಾದ ಕಣ್ಣು ನಾನು ನೋಡಿಯೇ ಇಲ್ಲ ಎಂದಳು.

ಶಾಣಿಬಾಯಿ ಹಿಡಿದಿದ್ದ ಕೈ ಬಿಟ್ಟಳು. ಹಣಮಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಆ ಹೆಂಗಸಿನ ಬಾಯಿ ಎಂಥದೆಂದು ನನಗೆ ಗೊತ್ತು. ಈಗ ಹೊರಗೆ ಹೋಗಿ ಒಂದು ಮಾತು ಆಡಿದರೆ ಸಂಜೆಯೊಳಗೆ ಸೇಡಂವರೆಗೆ ಹೋಗುತ್ತದೆ. ಬುಟ್ಟಿ ಚೆನ್ನಾಗಿತ್ತು ಎಂದರೆ ಹುಡುಗಿಯ ಕೈ ಕೆಟ್ಟದ್ದು ಎಂದೇ ಅರ್ಥ.

“ಯಾಡಿ, ಖರೇ ಹೇಳು. ನಿನಗ ಕಾಣ್ತದ?” ಎಂದಳು ಶಾಣಿಬಾಯಿ.

ಹಣಮಮ್ಮ ಸೆರಗಿನ ಅಂಚು ಬೆರಳಿಗೆ ಸುತ್ತುತ್ತ ಕೂತಳು. ಶಾಣಿಬಾಯಿ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತಳು. ಅವಳ ಕಣ್ಣಿನಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲೂ ಇಲ್ಲ. ತಾಯಿಲ್ಲದ ಹುಡುಗಿಗೆ ನಾನು ಆ ಮಾತು ಆಡಬಾರದಾಗಿತ್ತು ಎಂದು ಯಾರಿಗೆಂದಿಲ್ಲದೆ ಹೇಳಿದಳು. ಆಡಿದ ದಿನದಿಂದ ನಿದ್ದೆ ಬಂದಿಲ್ಲ ಎಂದಳು. ಆಮೇಲೆ ಎದ್ದು, ಮೂಗು ಒರೆಸಿಕೊಂಡು, ಡಾಕ್ಟರ ಮೇಜಿನ ಮುಂದೆ ನಿಂತಳು.

“ಡಾಕ್ಟರಬಾಯಿ, ಈಕಿಗಿ ಒಂದು ಚಸ್ಮಾ ಕೊಡ್ರಿ. ನಂಬರ್ ಇಲ್ಲದ್ದು ಕೊಟ್ರೂ ನಡೀತದ. ಆದ್ರ ದಪ್ಪ ಕಾಣಬೇಕು.”

ಡಾಕ್ಟರಿಗೆ ಒಂದೂ ಅರ್ಥವಾಗಲಿಲ್ಲ. ನಮ್ಮ ಮೂವರ ಮುಖ ನೋಡಿ ಏನೆನಿಸಿತೋ, ಏನೂ ಕೇಳದೆ ಮೂಲೆಯ ಡಬ್ಬಿ ತೋರಿಸಿದಳು. ಶಾಣಿಬಾಯಿ ಒಂದೊಂದೇ ತೆಗೆದು ನೋಡಿ, ಕರಿ ಕಟ್ಟಿನದೊಂದನ್ನು ಆರಿಸಿ, ತನ್ನ ಸೆರಗಿನಿಂದ ಒರೆಸಿ ಹಣಮಮ್ಮನ ಮೂಗಿಗೆ ಏರಿಸಿದಳು. ಒಂದು ಕಿವಿಗೆ ಸರಿಯಾಗಿ ಕೂರಲಿಲ್ಲ, ಕೂದಲು ಸರಿಸಿ ಮತ್ತೆ ಕೂರಿಸಿದಳು. ತಾಂಡಾಕ್ಕೆ ಬರುವಾಗ ಇದನ್ನು ಹಾಕಿಕೊಂಡೇ ಬರಬೇಕು, ಸೇವಂತಿಯ ಲಗ್ನ ದೀಪಾವಳಿ ಆದ ಮೇಲೆ, ಅಲ್ಲಿ ಸೇಡಂನವರೆದುರು ತಪ್ಪಿಯೂ ತೆಗೆಯಬಾರದು ಎಂದು ತಾಕೀತು ಮಾಡಿದಳು. ಹಣಮಮ್ಮ ತಲೆಯಾಡಿಸಿದಳು.

ಹೊರಗೆ ಬಂದು ಬಾಗಿಲಲ್ಲಿ ನಿಂತು, ಕಾಯುತ್ತಿದ್ದ ಇಬ್ಬರಿಗೂ, ಅಲ್ಲಿ ಸಾಲಾಗಿ ಕೂತ ಸುತ್ತಲಿನ ಹಳ್ಳಿಗಳವರಿಗೂ ಕೇಳುವಂತೆ ಶಾಣಿಬಾಯಿ ತನ್ನ ಗುಡುಗಿನ ದನಿಯಲ್ಲಿ ಹೇಳಿದಳು.

“ಆಪರೇಷನ್ ಬ್ಯಾಡಂತ. ಚಸ್ಮಾ ಹಾಕ್ಕೊಂಡ್ರ ಮೊದಲಿನಂಗೇ ಕಾಣ್ತದಂತ, ಗೋಧಿ ಕಾಳೂ ಕಾಣ್ತದಂತ. ಬರೂ ವರ್ಸ ನಮ್ಮ ತಾಂಡಾಕ ಬುಟ್ಟಿ ಈಕೀವೇ.”

ಹಣಮಮ್ಮ ಕನ್ನಡಕದೊಳಗಿಂದ ಮಳೆ ನಿಂತ ಅಂಗಳ ನೋಡುತ್ತ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಇಟ್ಟವಳಿಗೆ ಏನೋ ನೆನಪಾಗಿ, ಎರಡನೆಯದನ್ನು ಕಾಲಿನಿಂದ ತಡವಿದಂತೆ ಮಾಡಿದಳು. ಶಾಣಿಬಾಯಿ ರಟ್ಟೆ ಹಿಡಿದು, ಸಾವಕಾಶ ಯಾಡಿ, ಇನ್ನೂ ಮೂರು ಮೆಟ್ಟಿಲಿವೆ ಎಂದು ಗಟ್ಟಿಯಾಗಿ ಎಣಿಸುತ್ತ ಇಳಿಸಿದಳು.